ಭಾನುವಾರದ ಕಾಮಿಕ್ಸ್ ಕೂಟ: ಓದಿಕೊಂಡು ಬನ್ನಿ

ಸದಸ್ಯರ ಗಮನಕ್ಕೆ: ಭಾನುವಾರ ಸಂಜೆ ಐದಕ್ಕೆ ದಾವಣಗೆರೆಯ ಗಾಜಿನ ಮನೆಯ ಬಳಿ ಸೇರೋಣ. ಚರ್ಚೆಗೆ ಡಿಸಿ ಪ್ರಕಾಶನದ ಕಾಮಿಕ್ಸ್ ಸರಣಿ ‘ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ನ ಸಂಚಿಕೆಗಳು.

2024ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸರಣಿಯಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್‌ಗೆ ಹಳೆಯ ಕಥೆಗಳಲ್ಲಿದ್ದಂತೆ ಬಂಗಲೆಯೂ ಇಲ್ಲ, ಗಂಟೂ ಇಲ್ಲ, ಅವನೊಬ್ಬ ಎಂಜಿನಿಯರ್. ತಾಯಿ ಬದುಕಿದ್ದಾಳೆ. ಆಲ್‌ಫ್ರೆಡ್ ಮನೆಯಾಳಲ್ಲ, ಗೂಢಚಾರ! ಎದೆಯ ಮೇಲಿನ ಬಾವಲಿ ಲಾಂಛನ ಕಳಚಿ ಕೊಡಲಿಯಾಗುವ ದೃಶ್ಯವನ್ನು ನಿಧಾನವಾಗಿ ನೋಡಿ; ಚಿತ್ರಕಾರ ನಿಕ್ ಡ್ರಗೊಟ್ಟಾ ಗೆರೆಗಳ ತಾಕತ್ತು ಅಲ್ಲಿದೆ. ಹಿಂಸೆ ತುಸು ಅತಿಯಾಯಿತೆಂಬುದು ನನ್ನ ತಕರಾರು. ಕಥೆಗಾರ ಸ್ಕಾಟ್ ಸ್ನೈಡರ್ ಅಭಿಮಾನಿಗಳು ವಾದಕ್ಕೆ ಸಿದ್ಧರಾಗಿಯೇ ಬರಲಿ.

ಡಿಸಿಯ ಪ್ರತಿಸ್ಪರ್ಧಿ ಮಾರ್ವೆಲ್ ಕಾಮಿಕ್ಸ್ ಪಕ್ಷದವರ ಸರದಿ ಮುಂದಿನ ತಿಂಗಳು. ಇನ್ನೂ ಓದದವರಿದ್ದಾರೆ, ಗುಂಪಿನಲ್ಲಿ ಕಥೆಯ ಗುಟ್ಟು ಬಿಟ್ಟುಕೊಡಬೇಡಿ. ಬೆಣ್ಣೆದೋಸೆ ತಿಂದು ಬರುವವರು ಕೈ ತೊಳೆದೇ ಪುಟ ಮುಟ್ಟಬೇಕು.