ಶಿಬಿರ ಮುಗಿದ ಮೇಲಿನ ಖರ್ಚಿಗೂ ದುಡ್ಡು ಇಡಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂದರೆ ಉಡುಪಿಯಿಂದ ಮಂಗಳೂರಿನವರೆಗೆ ಗುಲಾಬಿ ರಿಬ್ಬನ್‌ನದ್ದೇ ಗೌಜಿ. ಕ್ಲಬ್ಬಿನವರು, ಸಂಘದವರು ಸೇರಿ ಸ್ತನ ಕ್ಯಾನ್ಸರ್ ತಪಾಸಣೆ ಶಿಬಿರ ಮಾಡುತ್ತಾರೆ. ಒಳ್ಳೆಯದೇ. ಆದರೆ ದಾನಿಗಳು ಕೊಟ್ಟದ್ದರಲ್ಲಿ ದೊಡ್ಡ ಪಾಲು ಶಾಮಿಯಾನ, ಫ್ಲೆಕ್ಸು, ಊಟಕ್ಕೇ ಹೋಗುತ್ತದೆ. ಗಂಟು ಸಿಕ್ಕಿದ ಹೆಂಗಸಿನ ಮರುದಿನದ ಖರ್ಚಿಗೆ ಯಾರೂ ಏನೂ ತೆಗೆದಿಟ್ಟಿರುವುದಿಲ್ಲ.

ನಾನು ಕಟಪಾಡಿಯಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ಮಹಿಳಾ ಮಂಡಳಿಯ ಲೆಕ್ಕ ಬರೆಯುವುದೂ ನಾನೇ. ಅಳತೆ ಟೇಪು ಹಿಡಿದು ನಿಂತರೆ ಹೆಂಗಸರು ಡಾಕ್ಟರಿಗೆ ಹೇಳದ್ದನ್ನೂ ಹೇಳುತ್ತಾರೆ. ಕಳೆದ ವರ್ಷ ಬೀಡಿ ಕಟ್ಟುವ ಅಕ್ಕ ಒಬ್ಬರು ಹಳೆಯ ಬ್ಲೌಸ್ ತಂದು, "ಎಡಗಡೆ ಮಾತ್ರ ಸ್ವಲ್ಪ ಬಿಡಿಸಿ ಕೊಡಿ, ಬಿಗಿ ಆಗ್ತದೆ" ಎಂದರು. ಒಂದೇ ಬದಿ ಯಾಕೆ ಎಂದು ಕೇಳಿದೆ. ಗಂಟೊಂದು ಉಂಟಂತೆ. ಶಿಬಿರದಲ್ಲಿ ನೋಡಿದವರು ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟಿದ್ದರಂತೆ. ಆ ಚೀಟಿ ಸಂಘದ ಪಾಸ್‌ಬುಕ್ಕಿನೊಳಗೆ ಮಡಚಿಕೊಂಡು ತಿಂಗಳುಗಟ್ಟಲೆ ಕೂತಿತ್ತು. "ನೋವಿಲ್ಲ ಅಲ್ವಾ, ಹಾಗೆ ಬಿಟ್ಟೆ" ಎಂದರು.

ಮೋಸ ಇರುವುದೇ ಅಲ್ಲಿ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಹಾಗೆಂದು ಗಂಟು ಕಂಡವರೆಲ್ಲ ಹೆದರಬೇಕಾಗಿಯೂ ಇಲ್ಲ, ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಅದನ್ನು ಖಚಿತ ಮಾಡಲು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಅಥವಾ ಸ್ಕ್ಯಾನಿಂಗ್ ಆಗಬೇಕು. ಸಂಶಯ ಬಂದರೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು.

ಅವರು ಹೋಗದಿದ್ದದ್ದಕ್ಕೆ ಹೆದರಿಕೆಯೂ ಕಾರಣ, ಸರಿ. ಆದರೆ ಲೆಕ್ಕಾಚಾರವೂ ಇತ್ತು. ಬೀಡಿಯ ಮಜೂರಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಒಂದು ದಿನ ಕಟ್ಟದಿದ್ದರೆ ಆ ದಿನದ ಸಂಪಾದನೆ ಸೊನ್ನೆ. ಗಂಡ ಮಲ್ಪೆಯಿಂದ ಆಳಸಮುದ್ರದ ಬೋಟಿಗೆ ಹೋದರೆ ದಿನಗಟ್ಟಲೆ ದಡಕ್ಕೆ ಬರುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಯಾವ ಕೌಂಟರ್, ಯಾವ ಮಾಳಿಗೆ ಎಂದು ಕೇಳಲಿಕ್ಕೆ ಜೊತೆಗೊಂದು ಜನ ಬೇಕು. ಕಾರ್ಡ್ ಉಂಟಲ್ಲ ಎನ್ನುತ್ತೀರಿ. ಉಂಟು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ದೊಡ್ಡ ಉಪಕಾರ. ಆದರೆ ಅದು ಹೆಚ್ಚಾಗಿ ಅಡ್ಮಿಟ್ ಆದ ಮೇಲಿನ ಮಾತು. ಕಾಯಿಲೆ ಉಂಟೋ ಇಲ್ಲವೋ ಎಂದು ನೋಡುವ ಹಂತದ ಓಡಾಟ, ಟೆಸ್ಟಿನ ಖರ್ಚು ಎಷ್ಟೋ ಸಲ ಕೈಯಿಂದಲೇ.

ಕೊನೆಗೆ ಮಂಡಳಿಯ ದುಡ್ಡಿನಲ್ಲಿ ಕರೆದುಕೊಂಡು ಹೋದೆವು. ಕ್ಯಾನ್ಸರೇ ಆಗಿತ್ತು. ಆಪರೇಷನ್ ಕಾರ್ಡಿನಲ್ಲಿ ಆಯಿತು. ಆಮೇಲೆ ರೇಡಿಯೇಷನ್. ಮಿಷನ್ನಿನ ಕೆಳಗೆ ಮಲಗುವುದು ಕೆಲವೇ ನಿಮಿಷ, ಆದರೆ ವಾರಕ್ಕೆ ಐದು ದಿನದಂತೆ ವಾರಗಟ್ಟಲೆ ಹೋಗಬೇಕು. ಕಟಪಾಡಿಯಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಕೆಂಪಾದ ಚರ್ಮಕ್ಕೆ ಯಾರ ಬ್ಯಾಗು ತಾಗುತ್ತದೋ ಎಂದು ಕೈ ಅಡ್ಡ ಹಿಡಿದೇ ನಿಲ್ಲುತ್ತಿದ್ದರು. ಅವರಿಗೆ ಎದುರು ಹುಕ್ಕಿನ ಸಡಿಲ ಹತ್ತಿ ಬ್ಲೌಸ್ ಹೊಲಿದೆ, ಕಂಕುಳಲ್ಲಿ ಹೊಲಿಗೆ ಚುಚ್ಚದ ಹಾಗೆ. ಇಂಥ ಅಳತೆಯನ್ನು ಹೊಲಿಗೆ ಕ್ಲಾಸಿನಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ.

ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಸುಮಾರು 20 ವರ್ಷ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದದ್ದು ಒಂದೂವರೆ ಲಕ್ಷ ಹೆಂಗಸರು. ಅವರಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಿದರು. ಹಾಗೆ ಪರೀಕ್ಷೆ ಆದ 50 ದಾಟಿದವರಲ್ಲಿ, ಉಳಿದರ್ಧದವರಿಗೆ ಹೋಲಿಸಿದರೆ, ಈ ಕಾಯಿಲೆಯಿಂದ ಸಾಯುವವರು ಹತ್ತಿರ ಹತ್ತಿರ ಶೇ. 30ರಷ್ಟು ಕಡಿಮೆಯಾದರು. ಗಂಟು ಸಿಕ್ಕಿದವರನ್ನು ಅಲ್ಲಿ ಚೀಟಿ ಕೊಟ್ಟು ಸುಮ್ನೆ ಬಿಟ್ಟಿರಲಿಲ್ಲ, ಟಾಟಾ ಆಸ್ಪತ್ರೆಗೆ ಕಳಿಸಿ ನೋಡಿಸಿದ್ದರು. ನಮ್ಮಲ್ಲೂ 30 ದಾಟಿದ ಹೆಂಗಸರಿಗೆ ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಈ ಕೈ ಪರೀಕ್ಷೆ ಪುಕ್ಕಟೆ. ಅದನ್ನೇ ಮತ್ತೆ ಮಾಡಿಸಲು ಸಂಘಗಳು ಅಷ್ಟು ಖರ್ಚು ಮಾಡಬೇಕಾ?

ನಮ್ಮ ಊರಿನಲ್ಲಿ ಕೊಡುವವರಿಗೆ ಕೊರತೆ ಇಲ್ಲ. ದೇವಸ್ಥಾನದ ಬ್ರಹ್ಮಕಲಶ ಎಂದರೆ ಹೊರೆಕಾಣಿಕೆಯ ಲಾರಿಗಳು ಸಾಲುಗಟ್ಟುತ್ತವೆ. ಮುಂಬೈಯಿಂದ, ಗಲ್ಫ್‌ನಿಂದ ದುಡ್ಡು ಬರುತ್ತದೆ. ಅದರಲ್ಲಿ ಸ್ವಲ್ಪ ಇದಕ್ಕೆ ತೆಗೆದಿಡಿ ಎಂದು ಕೇಳಿದರೆ ದೇವರು ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಬಸ್ ಚಾರ್ಜು ಅಥವಾ ರಿಕ್ಷಾ, ಹೋದ ದಿನದ ಮಜೂರಿ, ಜೊತೆಗೆ ಹೋಗುವವಳಿಗೆ ಊಟ, ಕಾರ್ಡಿನಲ್ಲಿ ಆಗದ ಟೆಸ್ಟಿನ ಬಿಲ್ಲು, ಇಷ್ಟು ಸಾಕು. ದುಡ್ಡನ್ನು ಮನೆಯ ಗಂಡಸಿನ ಕೈಗೆ ಕೊಡಬೇಡಿ, ಆ ಹೆಂಗಸಿಗೇ ಕೊಡಿ. ವೇದಿಕೆಗೆ ಕರೆದು ಫೋಟೋ ತೆಗೆಯುವುದಂತೂ ಬೇಡವೇ ಬೇಡ, ಮತ್ತೆ ಯಾರೂ ಕೇಳಲಿಕ್ಕೆ ಬರುವುದಿಲ್ಲ.

ಈ ವರ್ಷ ಶಿಬಿರ ಮಾಡುವವರು ಚೀಟಿ ಕೊಟ್ಟ ಹೆಂಗಸರ ಪಟ್ಟಿಯನ್ನು ಊರಿನ ಆಶಾ ಕಾರ್ಯಕರ್ತೆಗೆ ಕೊಟ್ಟು, ಯಾರು ಆಸ್ಪತ್ರೆಗೆ ಮುಟ್ಟಿದರು ಎಂದು ತಿಂಗಳ ನಂತರ ಒಮ್ಮೆ ವಿಚಾರಿಸಲಿ. ಮುಟ್ಟದವರಿಗೆ ಈ ದುಡ್ಡು ಮೊದಲು ಹೋಗಲಿ.

– ಮಹಿಳಾ ಮಂಡಳಿಯ ಕೋಶಾಧಿಕಾರಿ, ಕಟಪಾಡಿ