ಮಗಳಿಗೊಂದು ಪತ್ರ: ಡೆಲ್ಟಿಕ್ ಡಬ್ಬದ ಹೊರಗೇ ಇರಲಿ

ಪ್ರೀತಿಯ ಪುಟ್ಟಿ,

"ಅಮ್ಮಾ, ಎದುರಿನಿಂದ ನೋಡಿದ್ರೆ ಇದು ಕಾಲು ಕೂಡಿಸಿಕೊಂಡು ನಿಂತ ಹಾಗಿದೆ, ಯಾಕೆ?" ಅಂತ ನಿನ್ನೆ ಫೋನಲ್ಲಿ ಕೇಳಿದೆಯಲ್ಲ, ಎಷ್ಟು ಖುಷಿಯಾಯಿತು ಗೊತ್ತಾ! ನಾನು ಕಳಿಸಿದ ಡೆಲ್ಟಿಕ್ ಮಾಡೆಲನ್ನು, ಅಂದರೆ ಬ್ರಿಟನ್ನಿನ ಹಳೆಯ ಡೀಸೆಲ್ ಲೋಕೋದ (ರೈಲನ್ನು ಎಳೆಯುವ ಗಾಡಿಯ) ಪುಟ್ಟ ಪ್ರತಿರೂಪವನ್ನು, ನೀನು ಬಗ್ಗಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದ್ದೀಯ. ಹಾಗೆ ನೋಡದವರಿಗೆ ಅದು ಕಾಣುವುದೇ ಇಲ್ಲ.

ನಿನ್ನ ಅನುಮಾನ ಸರಿ, ಮೈಯ ಅಗಲಕ್ಕೆ ಚಕ್ರಗಳು ತೀರಾ ಹತ್ತಿರ ಇವೆ. ಬ್ರಿಟನ್ನಿನ ರೈಲುಗಳ ಮೈ ಯುರೋಪು, ಅಮೆರಿಕದ ರೈಲುಗಳಿಗಿಂತ ಸಣ್ಣದು. ಅವನ್ನು ಮಾಡೆಲ್ ರೈಲುಗಳ ಎಚ್‌ಓ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಆಗಿನ ಕಾಲದ ಮೋಟಾರ್ ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಮೈಯನ್ನು 76ರಲ್ಲಿ ಒಂದು ಪಾಲಿನಷ್ಟು ದೊಡ್ಡದು ಮಾಡಿದರು, ಎರಡು ಹಳಿಗಳ ನಡುವಿನ ಅಂತರವನ್ನು ಮಾತ್ರ ಎಚ್‌ಓದ 16.5 ಮಿ.ಮೀ.ಗೇ ಬಿಟ್ಟರು. ಇದೇ ಓಓ ಅಳತೆ. ನಿಜವಾದ ಹಳಿಗಳ ನಡುವಿನ ಅಂತರ 1,435 ಮಿ.ಮೀ. ಅದನ್ನು 76ರಿಂದ ಭಾಗಿಸಿ ನೋಡು, ಸುಮಾರು 18.9 ಬರುತ್ತದೆ. ನಿನ್ನ ಕಣ್ಣು ಹಿಡಿದದ್ದು ಆ ಎರಡು ಮಿಲಿಮೀಟರ್ ಚಿಲ್ಲರೆಯನ್ನು! ಇದನ್ನು ಸಹಿಸದೆ ಚಕ್ರ ಬದಲಿಸಿ, ಹಳಿಯನ್ನೂ ತಾವೇ ಹಾಕಿಕೊಳ್ಳುವವರಿದ್ದಾರೆ. ಅವರ ತಾಳ್ಮೆ ದೊಡ್ಡದು.

ಈಗ ಪಕ್ಕದಲ್ಲಿರುವ ಹೆಸರು ಓದು. ಅಲಿಸಿಡಾನ್. ಅದೊಂದು ರೇಸ್ ಕುದುರೆ. ಇಂಥ 22 ಲೋಕೋಗಳು 1961–62ರಲ್ಲಿ ಬಂದವು. ಎಂಟಕ್ಕೆ ಗೆದ್ದ ಕುದುರೆಗಳ ಹೆಸರು, ಮಿಕ್ಕವಕ್ಕೆ ಸೇನೆಯ ರೆಜಿಮೆಂಟುಗಳ ಹೆಸರು. ಲಂಡನ್‌ನಿಂದ ಎಡಿನ್‌ಬರೋ ಕಡೆಗೆ ಗಂಟೆಗೆ 160 ಕಿ.ಮೀ. ವೇಗದಲ್ಲಿ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯುತ್ತಿದ್ದವು. 1982ರ ಜನವರಿಗೆ ಅವುಗಳ ಕೆಲಸ ಮುಗಿಯಿತು. ಆರು ಉಳಿದಿವೆ, ಅಲಿಸಿಡಾನ್ ಅದರಲ್ಲೊಂದು.

ಆದರೆ ನನಗೆ ಡೆಲ್ಟಿಕ್ ಅಂದರೆ ಅದರ ಎಂಜಿನ್. ಮೊದಲು ನೌಕಾಪಡೆಯ ವೇಗದ ದೋಣಿಗಳಿಗೆ ಮಾಡಿದ್ದು. ತಲೆಕೆಳಗಾದ ತ್ರಿಕೋನ ಊಹಿಸಿಕೋ. ಮೂರು ಮೂಲೆಗೆ ಮೂರು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಹಿಂದುಮುಂದಿನ ಓಟವನ್ನು ತಿರುಗುವಂತೆ ಮಾಡುವ ದಂಡ), ಮೂರು ಬದಿಗೆ ಸಿಲಿಂಡರುಗಳು. ಪ್ರತಿ ಸಿಲಿಂಡರಿನಲ್ಲೂ ಎರಡು ಪಿಸ್ಟನ್ ಎದುರುಬದುರಾಗಿ ಬರುತ್ತವೆ. 18 ಸಿಲಿಂಡರ್, 36 ಪಿಸ್ಟನ್. ಮೂರು ಶಾಫ್ಟೂ ಒಂದೇ ಕಡೆ ತಿರುಗಿದರೆ ಪಿಸ್ಟನ್‌ಗಳ ಲೆಕ್ಕ ಕೂಡುತ್ತಿರಲಿಲ್ಲವಂತೆ. ಒಂದನ್ನು ಉಲ್ಟಾ ತಿರುಗಿಸಿದರು, ಎಲ್ಲ ಸರಿಹೋಯಿತು! ಇದನ್ನು ಮೊದಲ ಸಲ ಓದಿದ ದಿನ ನಾನು ಕಾಗದದ ಮೇಲೆ ತ್ರಿಕೋನ ಬರೆದು, ಪೆನ್ಸಿಲ್ ತಿರುಗಿಸುತ್ತಾ ಕೂತಿದ್ದೆ. ಇಂಥ ಎರಡು ಎಂಜಿನ್ ಒಂದೇ ಲೋಕೋದಲ್ಲಿವೆ, ಒಟ್ಟು 3,300 ಅಶ್ವಶಕ್ತಿ. ಒಂದು ಕೈಕೊಟ್ಟರೂ ಇನ್ನೊಂದು ಗಾಡಿಯನ್ನು ಊರು ಮುಟ್ಟಿಸುತ್ತದೆ.

ಮಾಡೆಲಿನ ಮೇಲ್ಮೈ ಬಿಚ್ಚಿದರೆ ಇದು ಯಾವುದೂ ಸಿಗುವುದಿಲ್ಲ. ನಡುವೆ ಒಂದು ಮೋಟಾರ್, ಅದರ ಎರಡೂ ಬದಿಗೆ ಓಟವನ್ನು ನಯವಾಗಿಸುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅಲ್ಲಿಂದ ಗೇರುಗಳಿಗೆ ಶಾಫ್ಟ್, ಅಷ್ಟೇ. ನಿಜವಾದ ಲೋಕೋದಲ್ಲಿ ಡೀಸೆಲ್ ಉರಿದು ಜನರೇಟರ್ ತಿರುಗುತ್ತದೆ, ಆ ಕರೆಂಟು ಚಕ್ರದ ಮೋಟಾರುಗಳಿಗೆ ಹೋಗುತ್ತದೆ. ಅದು ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನಿನ್ನ ಮಾಡೆಲ್ ಹಳಿಯಿಂದ ಪಡೆಯುತ್ತದೆ. ಹಾಗಾಗಿ ಹಳಿಯನ್ನೂ ಚಕ್ರವನ್ನೂ ಒರೆಸಿ ಇಡು. ಸ್ವಲ್ಪ ಕೊಳೆ ಕೂತರೂ ತಡವರಿಸುತ್ತದೆ.

ಡಬ್ಬದಲ್ಲೇ ಇಟ್ಟರೆ ಬೆಲೆ ಜಾಸ್ತಿ ಅಂತ ನಿನ್ನ ಗೆಳೆಯ ಹೇಳಿದನಂತೆ. ಮಾರುವವರಿಗೆ ಆ ಮಾತು ಸರಿ. ನಾನೂ ಒಂದು ಲೋಕೋವನ್ನು ಹಾಗೇ ಇಟ್ಟಿದ್ದೆ, ಹನ್ನೊಂದು ವರ್ಷ. ತೆಗೆದಾಗ ಗ್ರೀಸ್ ಗಟ್ಟಿಯಾಗಿ ಗೇರು ಅಲ್ಲಾಡಲಿಲ್ಲ. ಸುತ್ತಿದ್ದ ಫೋಮ್ ಪುಡಿಯಾಗಿ ಬಣ್ಣಕ್ಕೆ ಅಂಟಿತ್ತು. ಮೃದು ಬ್ರಷ್ಷಿನಿಂದ ಎರಡು ದಿನ ಬಿಡಿಸಿದೆ. ಚಾವಣಿಯ ಮೇಲೆ ಆ ಕಲೆ ಇನ್ನೂ ಇದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಓಡಿಸು. ಮೊದಲು ಮುಂದಕ್ಕೆ ಅರ್ಧ ಗಂಟೆ, ಆಮೇಲೆ ಹಿಂದಕ್ಕೆ ಅರ್ಧ ಗಂಟೆ, ನಿಧಾನವಾಗಿ. ಆಮೇಲೆ ವೇಗ ಹೆಚ್ಚಿಸು, ಆದರೆ ಸೆಕೆಂಡಿಗೆ 60 ಸೆಂಟಿಮೀಟರ್ ದಾಟಬೇಡ. ಗಂಟೆಗೆ 160 ಕಿಲೋಮೀಟರ್ ವೇಗವನ್ನು 76ರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಜೋರಾದರೆ ನೂರು ಟನ್ನಿನ ಲೋಕೋ ಅನ್ನಿಸುವುದಿಲ್ಲ, ಅಲ್ವಾ? ಎತ್ತುವಾಗ ಕೆಳಭಾಗ ಹಿಡಿ. ಬಾಗಿಲ ಪಕ್ಕದ ಕಂಬಿಗಳು ಕೂದಲಿನಷ್ಟು ತೆಳು.

ಮಾಡೆಲಿನೊಳಗಿನ ಡಿಕೋಡರಿನಲ್ಲಿರುವ (ಓಟವನ್ನೂ ಸದ್ದನ್ನೂ ನಡೆಸುವ ಪುಟ್ಟ ಸರ್ಕ್ಯೂಟಿನಲ್ಲಿರುವ) ಸದ್ದು ನಿಜವಾದ ಡೆಲ್ಟಿಕ್‌ನಿಂದ ಹಿಡಿದದ್ದು. ಮೊದಲ ಎಂಜಿನ್ನಿನ ಸದ್ದು ಶುರು ಮಾಡು, ಸ್ವಲ್ಪ ಹೊತ್ತು ಗುನುಗಲಿ. ಆಮೇಲೆ ಎರಡನೆಯದು. ಎರಡೂ ಸೇರುವಾಗ ಸದ್ದು ಏರಿಳಿಯುತ್ತದೆ, ಮೇಜೂ ಸಣ್ಣಗೆ ನಡುಗುತ್ತದೆ. ಆಗ ನನಗೆ ಫೋನ್ ಮಾಡಿ ಸ್ಪೀಕರಿನ ಹತ್ತಿರ ಹಿಡಿ. ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ
ಅಮ್ಮ