ಥಂಡರ್ ಗೆದ್ದಿದ್ದು ಎಸ್‌ಜಿಎ ಒಬ್ಬನಿಂದ ಅಲ್ಲ ಕಣೋ

ಲೋ ಸುಬ್ಬು,

ಓಕ್ಲಹೋಮ ಸಿಟಿ ಥಂಡರ್ ಟೀಮು 2025ರಲ್ಲಿ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಚಾಂಪಿಯನ್ ಆಗಿದ್ದನ್ನ ನೀನು "ಎಸ್‌ಜಿಎ (ಅವರ ಸ್ಟಾರ್ ಶಾಯ್ ಗಿಲ್ಜಸ್-ಅಲೆಕ್ಸಾಂಡರ್) ಇದ್ದ, ಗೆದ್ರು, ಅಷ್ಟೇ" ಅಂತ ಒಂದೇ ಲೈನಲ್ಲಿ ಮುಗಿಸ್ಬಿಟ್ಟಿದೀಯ. ಇದಕ್ಕೆ ವಾಟ್ಸಾಪಲ್ಲಿ ಉತ್ತರ ಕೊಟ್ರೆ ಸಾಕಾಗಲ್ಲ, ಅದಕ್ಕೇ ಇಲ್ಲೇ ಎಲ್ಲರ ಎದುರು ಬರೀತಿದೀನಿ, ಬೇಜಾರ್ ಮಾಡ್ಕೋಬೇಡ.

ಎಸ್‌ಜಿಎ ಅದರ ಹಿಂದಿನ ಸೀಸನ್ನಲ್ಲೂ ಇದ್ನಲ್ಲಪ್ಪಾ. 2023-24ರಲ್ಲಿ 57 ಮ್ಯಾಚ್ ಗೆದ್ದು ವೆಸ್ಟಲ್ಲಿ (ಲೀಗಿನ ಪಶ್ಚಿಮದ ಗುಂಪು) ಫಸ್ಟ್ ಬಂದಿದ್ರು, ಪ್ಲೇಆಫ್ (ನಾಕೌಟ್) ಎರಡನೇ ರೌಂಡಲ್ಲಿ ಡಲ್ಲಾಸ್ ಕೈಲಿ 4-2 ಹೊಡೆಸ್ಕೊಂಡು ಮನೆಗೆ ಹೋದ್ರು. ಆ ಸೀರೀಸಲ್ಲಿ ಓಕ್ಲಹೋಮದ ಎರಡು ವೀಕ್‌ನೆಸ್ಸು ಕುರುಡನಿಗೂ ಕಾಣೋ ಥರ ಇತ್ತು. ಡಲ್ಲಾಸಿನ ಲೈವ್ಲಿ, ಗ್ಯಾಫರ್ಡ್ ಇಬ್ರೂ ರಿಂಗ್ ಕೆಳಗೆ ನಿಂತು ರೀಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಬಾಲ್) ಎಳ್ಕೊತಿದ್ರೆ ಈ ಕಡೆ ಚೆಟ್ ಹೋಮ್‌ಗ್ರೆನ್ ಒಬ್ಬ, ಅವನೋ ಕಡ್ಡಿ ಪೈಲ್ವಾನ್. ಇನ್ನೊಂದು ಜಾಶ್ ಗಿಡ್ಡಿ. ಅವನ ಶೂಟಿಂಗಿಗೆ ಯಾರೂ ಹೆದರ್ತಿರ್ಲಿಲ್ಲ, ಮೂರು ಪಾಯಿಂಟ್ ಗೆರೆ ಹತ್ರ ಅವನನ್ನ ಆರಾಮಾಗಿ ಬಿಟ್ಟು, ಅವನನ್ನ ಕಾಯಬೇಕಾದವನು ಹೋಗಿ ಎಸ್‌ಜಿಎ ದಾರಿಗೆ ಅಡ್ಡ ನಿಲ್ತಿದ್ದ. ಐದನೇ ಮ್ಯಾಚ್ ಹೊತ್ತಿಗೆ ಕೋಚ್ ಡೆಗ್ನಾಲ್ಟ್ ಗಿಡ್ಡೀನ ಸ್ಟಾರ್ಟಿಂಗ್ ಫೈವಿಂದಾನೇ ತೆಗೆದ.

ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಹತ್ರ ಡ್ರಾಫ್ಟ್ ಪಿಕ್ಕು (ಹೊಸ ಆಟಗಾರರನ್ನ ಆರಿಸೋ ಹಕ್ಕು, ಅದನ್ನ ಕೊಟ್ಟು ಬೇರೆ ಟೀಮಿಂದ ಆಟಗಾರನನ್ನ ತಗೋಬಹುದು) ರಾಶಿ ರಾಶಿ ಬಿದ್ದಿತ್ತು, ಮನಸ್ಸು ಮಾಡಿದ್ರೆ ದೊಡ್ಡ ಸ್ಟಾರನ್ನೇ ತರಬಹುದಿತ್ತು. ಆ ಮನುಷ್ಯ ಮಾಡಿದ್ದು ಎರಡೇ ಕೆಲಸ. 21 ವರ್ಷದ ಗಿಡ್ಡೀನ ಶಿಕಾಗೋಗೆ ಕೊಟ್ಟು ಡಿಫೆನ್ಸಿಗೆ ಹೆಸರಾದ 30 ವರ್ಷದ ಅಲೆಕ್ಸ್ ಕರೂಸೋನ ತಗೊಂಡ, ಒಬ್ಬನಿಗೆ ಒಬ್ಬ, ಮೇಲೊಂದು ಪಿಕ್ಕೂ ಇಲ್ಲ. ಆಮೇಲೆ ನ್ಯೂಯಾರ್ಕಿಂದ ಸೆಂಟರ್ (ರಿಂಗ್ ಹತ್ರ ಆಡೋ ಎತ್ತರದ ಆಟಗಾರ) ಐಸಾಯಾ ಹಾರ್ಟೆನ್‌ಸ್ಟೈನ್‌ನ ಮೂರು ವರ್ಷಕ್ಕೆ 87 ಮಿಲಿಯನ್ ಡಾಲರ್ ಕೊಟ್ಟು ಕರ್ಕೊಂಡ್ ಬಂದ. ಇವರಿಬ್ಬರ ಜೆರ್ಸಿ ಹಾಕ್ಕೊಂಡು ಓಡಾಡೋ ಹುಡುಗರನ್ನ ನಾನಂತೂ ನೋಡಿಲ್ಲ. ಆದ್ರೆ ತೂತು ಎಲ್ಲಿತ್ತೋ ಅಲ್ಲಿಗೇ ತೇಪೆ ಬಿತ್ತು.

2024-25ರ ಸೀಸನ್ ಶುರುವಾಗೋಕೆ ಮುಂಚೇನೇ ಹಾರ್ಟೆನ್‌ಸ್ಟೈನ್ ಕೈ ಮುರ್ಕೊಂಡ. ನವೆಂಬರಲ್ಲಿ ಚೆಟ್ ಸೊಂಟದ ಮೂಳೆ ಮುರ್ಕೊಂಡ. ಸೆಂಟರೇ ಇಲ್ದೆ ಸ್ವಲ್ಪ ದಿನ ಜೇಲನ್ ವಿಲಿಯಮ್ಸೇ ಸೆಂಟರಾಗಿ ನಿಂತು ಜಂಪ್ ಬಾಲ್‌ಗೂ (ಆಟದ ಶುರುವಲ್ಲಿ ಮೇಲೆಸೆದ ಬಾಲಿಗೆ ಹಾರೋದು) ಹೋದ, ಅವನಿಗಿಂತ ಅರ್ಧ ಅಡಿ ಎತ್ತರ ಇರೋರ ಎದುರಿಗೆ! ಅಷ್ಟಾದ್ರೂ 68 ಗೆಲುವು, 14 ಸೋಲು. ಸರಾಸರಿ 13 ಪಾಯಿಂಟ್ ಹತ್ರ ಅಂತರದಲ್ಲಿ ಗೆದ್ದಿದಾರೆ, ಎನ್‌ಬಿಎ ಇತಿಹಾಸದಲ್ಲೇ ಅಲ್ಲೀವರೆಗೂ ಅಷ್ಟು ಯಾರೂ ಮಾಡಿರ್ಲಿಲ್ಲ. ಇದೇ ಟೀಮು 2021ರ ಡಿಸೆಂಬರಲ್ಲಿ ಮೆಂಫಿಸ್ ಕೈಲಿ 73 ಪಾಯಿಂಟಿಂದ ಸೋತಿತ್ತು, ಅದೂ ರೆಕಾರ್ಡೇ.

ನೀನು ಪ್ಲೇಆಫ್ ಎರಡನೇ ರೌಂಡಲ್ಲಿ ಡೆನ್ವರ್ ಜೊತೆಗಿನ ಏಳನೇ ಮ್ಯಾಚ್ ಪೂರ್ತಿ ನೋಡಿಲ್ಲ ಅಂತ ನನಗೆ ಡೌಟು. ನೋಡಿದ್ರೆ ಹೀಗೆ ಮಾತಾಡ್ತಿರ್ಲಿಲ್ಲ. ಶುರುವಲ್ಲಿ ಡೆನ್ವರೇ ಮುಂದಿತ್ತು. ಆಗ ಡೆಗ್ನಾಲ್ಟ್, ಆರೂವರೆ ಅಡಿನೂ ಇಲ್ದಿರೋ ಕರೂಸೋನ ಏಳಡಿಗೆ ಒಂದಿಂಚು ಕಮ್ಮಿ ಇರೋ ಡೆನ್ವರ್ ಸ್ಟಾರ್ ಯೋಕಿಚ್ ಮೇಲೆ ಬಿಟ್ಟ. ಯೋಕಿಚ್ ಹಿಂದೆ ನಿಂತು ತಳ್ಳಾಡಿದ್ರೆ ಆಗೋ ಕೆಲಸ ಅಲ್ಲ, ಅದಕ್ಕೆ ಇವನು ಮುಂದೆ ಬಂದು, ಮಂಡಿ ಬಗ್ಗಿಸಿ, ಬೆನ್ನು ಅವನಿಗೆ ಒತ್ಕೊಂಡು, ಬಾಲ್ ಬರೋ ದಾರಿಗೇ ಕೈ ಚಾಚ್ಕೊಂಡು ನಿಂತ್ಬಿಟ್ಟ. ಮೇಲಿಂದ ಎಸೆದ್ರೆ ಹಿಂದೆ ಇನ್ನೊಬ್ಬ ರೆಡಿ. ಪ್ರಪಂಚದ ಬೆಸ್ಟ್ ಪಾಸರ್ ಕೈಗೆ ಬಾಲೇ ಸಿಗ್ತಿಲ್ಲ ಮಾರಾಯ! 125-93. ಕರೂಸೋ ಹೊಡೆದಿದ್ದು ಬರೀ 11 ಪಾಯಿಂಟು, ಆದ್ರೆ ಅವನು ಅಂಗಳದಲ್ಲಿದ್ದಷ್ಟು ಹೊತ್ತು ಟೀಮು ಪ್ಲಸ್ 40, ಅಂದ್ರೆ ಎದುರಾಳಿಗಿಂತ 40 ಪಾಯಿಂಟ್ ಜಾಸ್ತಿ. ಗಿಡ್ಡಿ ಇದ್ದಿದ್ರೆ ಈ ಪ್ಲಾನೇ ಹುಟ್ತಿರ್ಲಿಲ್ಲ.

ಫೈನಲ್ಸಲ್ಲಿ ಇಂಡಿಯಾನಾ 2-1 ಮುಂದಿತ್ತು, ನಾಲ್ಕನೇದು ಅವರ ಊರಲ್ಲೇ. ಕೊನೇ ಐದು ನಿಮಿಷದಲ್ಲಿ ಎಸ್‌ಜಿಎ 15 ಪಾಯಿಂಟ್ ಹೊಡೆದ, ಅದನ್ನೇ ಎಲ್ಲರೂ ನೆನಪಿಟ್ಕೊಂಡಿದಾರೆ, ಸರಿ. ಅಲ್ಲೀವರೆಗೂ ಮ್ಯಾಚನ್ನ ಕೈಜಾರದ ಹಾಗೆ ಹಿಡ್ಕೊಂಡಿದ್ದು ಬೆಂಚಿಂದ ಬಂದು 20 ಪಾಯಿಂಟು, 5 ಸ್ಟೀಲ್ (ಎದುರಾಳಿಯಿಂದ ಬಾಲ್ ಕಿತ್ಕೊಳ್ಳೋದು) ಮಾಡಿದ ಕರೂಸೋ. ಏಳನೇ ಮ್ಯಾಚಲ್ಲಿ ಇಂಡಿಯಾನಾ ಸ್ಟಾರ್ ಹ್ಯಾಲಿಬರ್ಟನ್‌ಗೆ ಮೊದಲನೇ ಕ್ವಾರ್ಟರಲ್ಲೇ ಅಕಿಲೀಸ್ (ಹಿಮ್ಮಡಿ ಹಿಂದಿನ ಸ್ನಾಯು) ಹೋಯ್ತು, ಆ 103-91ರ ಗೆಲುವು ಸ್ವಲ್ಪ ಸಪ್ಪೆ ಅನ್ನಿಸಿದ್ದು ನಿಜ, ಅದನ್ನ ನಾನೂ ಒಪ್ತೀನಿ.

ಹಾಗಂತ ಗಿಡ್ಡಿ ದಂಡ ಅಂತ ಅಲ್ಲ. ಶಿಕಾಗೋದಲ್ಲಿ ಬಾಲ್ ಪೂರ್ತಿ ಅವನ ಕೈಲೇ ಇರತ್ತೆ, ಚೆನ್ನಾಗೇ ಆಡ್ತಿದಾನೆ. 2025ರ ಮಾರ್ಚಲ್ಲಿ ನಿಮ್ಮ ಲೇಕರ್ಸ್ ಮೇಲೆ ಅರ್ಧ ಕೋರ್ಟಿಂದ ಬಜರ್ ಹೊತ್ತಿಗೆ ಎಸೆದು ಗೆಲ್ಲಿಸಿದ್ದು ಅವನೇ, ನಿನಗೆ ಮರೆತಿರಲ್ಲ ಬಿಡು. ಎಸ್‌ಜಿಎ ಪಕ್ಕದಲ್ಲಿ ಅವನಿಗೆ ಕೆಲಸ ಇರ್ಲಿಲ್ಲ, ಅಷ್ಟೇ.

ಇನ್ನು ಕರೂಸೋನ 2021ರಲ್ಲಿ ಕಳ್ಕೊಂಡಿದ್ದು ಯಾವ ಟೀಮು ಅಂತ ನಾನು ಹೇಳಲ್ಲ, ಆಗ ಊರೆಲ್ಲ ಬೈಕೊಂಡು ಓಡಾಡಿದ್ದು ನೀನೇ ತಾನೆ. 2025ರ ಏಪ್ರಿಲಲ್ಲಿ ಪ್ಲೇಆಫಲ್ಲಿ ಮಿನ್ನೆಸೋಟಾದ ಗೊಬೇರ್ ನಿಮ್ಮ ಮೇಲೆ 27 ಪಾಯಿಂಟು, 24 ರೀಬೌಂಡ್ ಮಾಡಿ ಮನೆಗೆ ಕಳಿಸಿದಾಗ ಡಾಂಚಿಚ್, ಲೆಬ್ರಾನ್ ಇಬ್ಬರೂ ಅಂಗಳದಲ್ಲೇ ಇದ್ರು. ಸ್ಟಾರ್ ಒಬ್ಬನೇ ಸಾಕು ಅನ್ನೋದಾದ್ರೆ ಇಬ್ಬರನ್ನ ಇಟ್ಕೊಂಡು 4-1 ಯಾಕಾಯ್ತು, ಅದೊಂದು ಹೇಳು ನೋಡೋಣ.

ಇಂತಿ ನಿನ್ನ,
ಮಂಜ